ಪುಕ್ಕಲನ ಮುಖ

ಟೀವಿ ಕಂಪನಿಯವರು ಊಟಕ್ಕೆ ಬರುವ ದಿನ ಮುದುಕರು ಬೆಳಿಗ್ಗೆ ಎದ್ದವರೇ ಕೂದಲಿಗೆ ಬಣ್ಣ ಹಚ್ಚಿಕೊಂಡರು. ಬಣ್ಣ ಕೂದಲಿಗಿಂತ ಕಿವಿಗೇ ಹೆಚ್ಚು ಹತ್ತಿತ್ತು. ಸೊಸೆ ಒಂದು ಒದ್ದೆ ಬಟ್ಟೆ ಕೊಟ್ಟು ಕಿವಿ ಒರೆಸಿಕೊಳ್ಳಿ ಎಂದಳು. ಒರೆಸಿಕೊಂಡು ಬಟ್ಟೆಯನ್ನು ಊಟದ ಮೇಜಿನ ಮೇಲೇ ಬಿಟ್ಟು ಹೋದರು. ಅವರು ಬಿಟ್ಟದ್ದನ್ನು ಬೇರೆಯವರು ಎತ್ತಿಡಬೇಕು ಎನ್ನುವುದು ಆ ಮನೆತನದ ಹಳೆಯ ಕಾನೂನು. ಮೊದಲು ಹೆಂಡತಿ ಎತ್ತಿಡುತ್ತಿದ್ದಳು. ಆಕೆ ತೀರಿಕೊಂಡ ಮೇಲೆ, ದಿನವಿಡೀ ಆಸ್ಪತ್ರೆಯ ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಸುಸ್ತಾಗಿ ಬರುವ ಸೊಸೆ ಎತ್ತಿಡುತ್ತಿದ್ದಳು.

ಈ ಮುದುಕರು ಒಂದು ಕಾಲಕ್ಕೆ ಮಕ್ಕಳ ವಾರಪತ್ರಿಕೆಗೆ ಕಾಮಿಕ್ಸ್ ಬರೆಯುತ್ತಿದ್ದವರು. ಕೊನೆಯ ಪುಟ ಅವರದು. ಅಲ್ಲಿ ಗುಡುಗಣ್ಣ ಎಂಬ ಮಹಾವೀರನಿದ್ದ. ಹಾರುತ್ತಿದ್ದ, ಸೇತುವೆ ಎತ್ತುತ್ತಿದ್ದ, ಕಳ್ಳರನ್ನು ಕಂಕುಳಲ್ಲಿ ಇರುಕಿಕೊಂಡು ಪೊಲೀಸ್ ಠಾಣೆಗೆ ತಲುಪಿಸುತ್ತಿದ್ದ. ಅವನ ಜೊತೆಗೆ ಪುಕ್ಕಲ ಎಂಬ ಹುಡುಗ. ಗುಡುಗಣ್ಣ ಮೇಲಕ್ಕೆ ಹಾರಿದರೆ ಇವನು ಮಂಚದ ಕೆಳಗೆ ತೂರುತ್ತಿದ್ದ. ಕಣ್ಣು ಬಿಟ್ಟ, ಬಾಯಿ ಬಿಟ್ಟ, ಚಡ್ಡಿ ಒದ್ದೆಯಾದ ಅವನ ಚಿತ್ರ ಪ್ರತಿ ವಾರವೂ ಕೊನೆಯ ಚೌಕದಲ್ಲಿ ಇದ್ದೇ ಇರುತ್ತಿತ್ತು. ಮಕ್ಕಳು ಮೊದಲು ನೋಡುತ್ತಿದ್ದದ್ದೇ ಆ ಚೌಕ. ಪತ್ರಿಕೆ ಮುಚ್ಚಿ, ಅದನ್ನು ಓದಿದ ಮಕ್ಕಳ ತಲೆ ನೆರೆತು, ಎಲ್ಲರೂ ಎಲ್ಲವನ್ನೂ ಮರೆತ ಮೇಲೆ ಯಾರೋ ಕೆಲಸವಿಲ್ಲದ ಪುಣ್ಯಾತ್ಮ ಹಳೆಯ ಪುಟಗಳನ್ನು ಇಂಟರ್ನೆಟ್ಟಿಗೆ ಏರಿಸಿದ. ಅಲ್ಲಿಂದ ಟೀವಿಯವರ ಮೂಗಿಗೆ ವಾಸನೆ ಬಡಿಯಿತು. ಸೂಪರ್‌ಹೀರೋ ಧಾರಾವಾಹಿ ಮಾಡುತ್ತೇವೆ ಎಂದು ಬಂದರು. ಮುದುಕರು ಓದದೆ ಒಪ್ಪಂದಕ್ಕೆ ಸಹಿ ಹಾಕಿದರು. ನಿಮಗೆ ಬೇಕಾದ ಹಾಗೆ ಬದಲಾಯಿಸಿಕೊಳ್ಳಿ ಎಂದು ದೊಡ್ಡಸ್ತಿಕೆಯಿಂದ ಬೇರೆ ಹೇಳಿದರು.

ಊಟಕ್ಕೆ ಬಂದವರು ಇಬ್ಬರು. ಒಬ್ಬ ಗಡ್ಡದವನು, ಧಾರಾವಾಹಿಯ ನಿರ್ಮಾಪಕ. ಇನ್ನೊಬ್ಬಳು ಕಥೆ ಬರೆಯುವವಳು. ಗಡ್ಡದವನು ಬಾಯಿ ತೆರೆದಾಗಲೆಲ್ಲ ತಲೆದೂಗುವುದೂ ಅವಳ ಸಂಬಳದಲ್ಲಿ ಸೇರಿದ್ದಿರಬೇಕು. ಇಬ್ಬರೂ ಹರಿದ ಸೋಫಾ ನೋಡಿ ಅದ್ಭುತ ಎಂದರು. ಕೋಳಿ ಬಡಿಸಿದಾಗ ಅದ್ಭುತ ಎಂದರು. ಅಡುಗೆಮನೆಯ ಸೋರುವ ನಲ್ಲಿಯನ್ನೂ ಅದ್ಭುತ ಎಂದ ಮೇಲೆ ಸೊಸೆ ಅವರ ಮಾತನ್ನು ಕಿವಿ ಮೇಲೆ ಹಾಕಿಕೊಳ್ಳುವುದನ್ನು ಬಿಟ್ಟಳು.

"ಸರ್, ಗುಡುಗಣ್ಣನ ಒಳಗಿನ ಗಾಯ ಏನು?" ಎಂದು ಗಡ್ಡದವನು ಕೇಳಿದ.

"ಗಾಯವಾ?"

"ಚಿಕ್ಕಂದಿನಲ್ಲಿ ಏನೋ ನೋವಾಗಿರಬೇಕಲ್ಲ ಸರ್. ಅದಿಲ್ಲದೆ ಈಗ ಯಾರೂ ಹೀರೋನ ನಂಬಲ್ಲ."

"ಅವನಿಗ್ಯಾಕಯ್ಯ ಗಾಯ ಆಗುತ್ತೆ? ಗುಂಡು ಹೊಡೆದರೆ ಗುಂಡೇ ಚಪ್ಪಟೆ ಆಗ್ತಿತ್ತು."

ಬರೆಯುವವಳು ಅದನ್ನೂ ಫೋನಿನಲ್ಲಿ ಬರೆದುಕೊಂಡಳು. ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಕಣ್ಣರಳಿಸಿ ಇಬ್ಬರನ್ನೂ ನೋಡುತ್ತಿದ್ದಳು. ಕಾಲೇಜಿನ ಮೊದಲ ವರ್ಷ, ಕಥೆ ಬರೆಯುವ ಹುಚ್ಚು; ಟೀವಿಯವರ ಎಂಜಲು ಕೈ ಕೂಡ ಅವಳಿಗೆ ಏನೋ ದೊಡ್ಡದಾಗಿ ಕಾಣುವ ವಯಸ್ಸು. ಗಡ್ಡದವನು ಮುಂದುವರಿದು, ಪುಕ್ಕಲ ಎಲ್ಲಿಂದ ಬಂದ ಸರ್ ಎಂದ. ಮುದುಕರು ಈ ಪ್ರಶ್ನೆಗೇ ಕಾದಿದ್ದರು. ಕೈಯಲ್ಲಿದ್ದ ಕೋಳಿ ಮೂಳೆಯನ್ನು ಎದುರು ಕೂತಿದ್ದ ಮಗನತ್ತ ಚಾಚಿದರು.

"ಎಲ್ಲಿಂದಲೋ ಯಾಕೆ ಬರ್ತಾನೆ. ಇಲ್ಲೇ ಕೂತಿದಾನೆ ನೋಡಿ. ಇವನೇ ನನ್ನ ಪುಕ್ಕಲ."

ಮಗನಿಗೆ ಐವತ್ತು ದಾಟಿತ್ತು. ದೊಡ್ಡ ಶಾಲೆಯೊಂದರ ಹೆಡ್‌ಮೇಷ್ಟ್ರು. ಅತಿಥಿಗಳಿಬ್ಬರೂ ಅವರ ಮೀಸೆಯನ್ನೂ ಇಸ್ತ್ರಿ ಮಾಡಿದ ಅಂಗಿಯನ್ನೂ ನೋಡಿ, ನಗಬಹುದೋ ಬಾರದೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಅದ್ಭುತ ಎಂದರು. ಹೆಡ್‌ಮೇಷ್ಟ್ರು ಅರ್ಧ ಊಟದಲ್ಲಿ ಎದ್ದು ಕೈ ತೊಳೆದುಕೊಂಡು ಕೋಣೆಗೆ ಹೋದರು.

ಸಂಜೆ ಪಾತ್ರೆ ತೊಳೆಯುವಾಗ ಹೆಡ್‌ಮೇಷ್ಟ್ರ ಹೆಂಡತಿ ವಿಷಯ ತೆಗೆದಳು. ಅವಳು ತೊಳೆದು ಕೊಡುವುದು, ಇವರು ಒರೆಸಿ ಇಡುವುದು ಆ ಮನೆಯ ಪದ್ಧತಿ.

"ಚಿತ್ರ ತಾನೇ ರೀ. ಆಗ ಚಿಕ್ಕವರಿದ್ರಿ. ಬಿಡಿ ಅತ್ಲಾಗೆ."

"ನಿನಗೆ ಗೊತ್ತಿಲ್ಲ."

"ಹೇಳಿದ್ರೆ ಗೊತ್ತಾಗುತ್ತೆ."

ಅವರು ಹೇಳಲಿಲ್ಲ. ಮದುವೆಯಾದಾಗಿನಿಂದ ಹೇಳದೆ ಇದ್ದದ್ದನ್ನು ಒಂದು ಲೋಟ ಒರೆಸುವಷ್ಟು ಹೊತ್ತಿನಲ್ಲಿ ಹೇಳುವುದಾದರೂ ಹೇಗೆ. ಅವರು ಓದಿದ ಶಾಲೆಯಲ್ಲಿ ಆ ಪತ್ರಿಕೆ ಓದದ ಹುಡುಗನೇ ಇರಲಿಲ್ಲ. ಬರೆದವರ ಮಗ ಯಾರೆಂದೂ ಎಲ್ಲರಿಗೂ ಗೊತ್ತಿತ್ತು. ಹಾಜರಿ ಕೂಗುವ ಮೇಷ್ಟ್ರೇ ಒಮ್ಮೊಮ್ಮೆ ಪುಕ್ಕಲ ಎಂದು ಕೂಗಿ ತರಗತಿಯನ್ನು ನಗಿಸುತ್ತಿದ್ದರು. ಓದು ಮುಗಿದದ್ದೇ ಅವರು ಊರು ಬಿಟ್ಟರು, ಮೀಸೆ ಬಿಟ್ಟರು, ಹೊಟ್ಟೆಯಿಂದ ದನಿ ಎಳೆದು ಮಾತಾಡುವುದನ್ನು ಕಲಿತರು. ಈಗಿನ ಶಾಲೆಯಲ್ಲಿ ಮಕ್ಕಳು ಬೆನ್ನ ಹಿಂದೆ ಅವರನ್ನು ಹುಲಿ ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗುತ್ತಿದ್ದರು. ಆ ಹೆಸರಿಗಾಗಿ ಅವರು ಪಟ್ಟ ಪಾಡನ್ನು ಹುಲಿಯೂ ಪಟ್ಟಿರಲಾರದು. ಇಷ್ಟೆಲ್ಲ ಮಾಡಿ, ಹೆಂಡತಿ ಸತ್ತು ಒಂಟಿಯಾದ ಅಪ್ಪನನ್ನು ತಾವೇ ಹೋಗಿ ಕರೆತಂದು ಮನೆಯಲ್ಲಿ ಇಟ್ಟುಕೊಂಡಿದ್ದರು. ಇಂಥ ಬುದ್ಧಿವಂತರಿಗೆ ಏನು ಹೇಳುವುದು.

ಮುಂದಿನ ವಾರಗಳಲ್ಲಿ ಮುದುಕರನ್ನು ಹಿಡಿಯುವವರಿಲ್ಲದಂತಾಯಿತು. ಊಟದ ಮೇಜಿನ ಮುಕ್ಕಾಲು ಭಾಗ ಅವರ ಬಣ್ಣದ ಸೀಸೆ, ಕುಂಚ, ಹಳೆಯ ಪುಟಗಳಿಗೆ ಸೇರಿತು. ಉಳಿದವರು ಮಿಕ್ಕ ಕಾಲು ಭಾಗದಲ್ಲಿ ಮೊಣಕೈ ಮಡಚಿಕೊಂಡು ಉಣ್ಣಬೇಕಾಯಿತು. ಫೋನಿನಲ್ಲಿ ಯಾರಾದರೂ ಸರ್ ಎಂದರೆ ಸಾಕು, ಇನ್ನೊಮ್ಮೆ ಕೇಳಿಸಿಕೊಳ್ಳಲೆಂದು ಕಿವುಡರಂತೆ ಏನಂದ್ರಿ ಎನ್ನುತ್ತಿದ್ದರು. ಸೊಸೆ ಮೊಟ್ಟೆ ಬೇಯಿಸಿ ಕೊಟ್ಟರೆ, ಕಲಾವಿದರು ಬೆಳಿಗ್ಗೆ ಹಣ್ಣು ತಿನ್ನಬೇಕಂತೆ ಎಂದರು. ಹಣ್ಣು ಕೊಟ್ಟರೆ, ಮೊಟ್ಟೆ ಎಲ್ಲಿ ಎಂದರು.

ಮೊಮ್ಮಗಳಿಗೆ ರಜೆಯಲ್ಲಿ ಟೀವಿ ಕಂಪನಿಯ ಕಥಾ ಕೋಣೆಯಲ್ಲಿ ಕೂರಲು ಗಡ್ಡದವನು ಅವಕಾಶ ಕೊಟ್ಟ. ಅಲ್ಲಿ ಆರೇಳು ಜನ ಕೂತು ಕಾಮಿಕ್ಸ್ ಪಾತ್ರಗಳನ್ನು ಧಾರಾವಾಹಿಗೆ ತಕ್ಕಂತೆ ಬೆಳೆಸುತ್ತಿದ್ದರಂತೆ. ಅವಳು ದಿನವೂ ಊಟಕ್ಕೆ ಕೂತು ಅಂದಿನ ಬೆಳವಣಿಗೆಯನ್ನು ವರದಿ ಮಾಡುತ್ತಿದ್ದಳು. ಮೊದಲ ವಾರ ಗುಡುಗಣ್ಣನ ತಾಯಿ ಸತ್ತಳು. ಎರಡನೆಯ ವಾರ ಬದುಕಿ, ಕುಡುಕಿಯಾದಳು. ಹಾರುವುದಕ್ಕೆ ಖರ್ಚು ಜಾಸ್ತಿ ಎಂದು ಗುಡುಗಣ್ಣ ಹಾರುವುದನ್ನು ನಿಲ್ಲಿಸಿ ಬೈಕು ಓಡಿಸತೊಡಗಿದ. ಕೊನೆಗೊಂದು ದಿನ, ಎಷ್ಟು ಬೆಳೆಸಿದರೂ ಅವನು ಒಣಗಿದ ಕಟ್ಟಿಗೆಯ ಹಾಗೇ ಇರುವುದರಿಂದ, ಧಾರಾವಾಹಿಯ ನಾಯಕನನ್ನೇ ಬದಲಾಯಿಸಿದ್ದಾರೆ ಎಂದು ಹೇಳಿದಳು. ಇನ್ನು ಮೇಲೆ ಕಥೆ ಪುಕ್ಕಲನದು. ಧಾರಾವಾಹಿಯ ಹೆಸರೂ ಅದೇ.

ಹೆಡ್‌ಮೇಷ್ಟ್ರು ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗಳು ಚೀಲದಿಂದ ಒಂದು ಕಾಗದ ತೆಗೆದು ಅವರ ಪಕ್ಕ ಇಟ್ಟಳು. ಪುಕ್ಕಲನಿಗೆ ಬದುಕಿರುವ ಮನುಷ್ಯನೊಬ್ಬ ಆಧಾರ ಎಂದು ತಾತನೇ ಹೇಳಿದ್ದರಿಂದ, ಆ ಮನುಷ್ಯನ ಒಪ್ಪಿಗೆ ಬೇಕೆಂದು ಕಂಪನಿಯ ವಕೀಲರು ಕೇಳಿದ್ದರು.

"ನಾನು ಹಾಕಲ್ಲ," ಎಂದರು ಹೆಡ್‌ಮೇಷ್ಟ್ರು.

"ಯಾಕಪ್ಪ? ನನ್ನನ್ನ ಮುಂದಕ್ಕೂ ಕೆಲಸಕ್ಕೆ ಇಟ್ಕೊಳ್ತೀವಿ ಅಂದಿದಾರೆ. ನೀವು ಹಾಕದಿದ್ರೆ ಎಲ್ಲ ನಿಂತುಹೋಗುತ್ತೆ."

"ನಿಲ್ಲಲಿ."

ಮುದುಕರು ನಕ್ಕರು. "ನೋಡು, ಸಹಿ ಹಾಕೋಕೂ ಹೆದರ್ತಾನೆ. ನಾನು ಸುಳ್ಳು ಬರೆದಿದ್ನಾ?"

ಹೆಂಡತಿ ಮಾವನಿಗೆ ಸುಮ್ಮನೆ ಊಟ ಮಾಡಿ ಎಂದಳು, ಗಂಡನಿಗೂ ಅದನ್ನೇ ಹೇಳಿದಳು. ಇಬ್ಬರೂ ಮಾಡಲಿಲ್ಲ. ಅವಳೊಬ್ಬಳೇ ಹಟ ಹಿಡಿದವಳಂತೆ ಕೂತು ಪೂರ್ತಿ ಉಂಡಳು. ಬೇಯಿಸಿದವಳಿಗೆ ಮಾತ್ರ ಗೊತ್ತಾಗುವ ಹಟ ಅದು.

ಸಹಿ ಬೀಳಲಿಲ್ಲವಾದರೂ ಮುದುಕರ ಬಾಯಿಗೆ ಬೀಗ ಬೀಳಲಿಲ್ಲ. ಪತ್ರಿಕೆಯವನೊಬ್ಬ ಫೋನು ಮಾಡಿದಾಗ, ನಿಜವಾದ ಪುಕ್ಕಲ ಈಗ ಹೆಡ್‌ಮೇಷ್ಟ್ರಾಗಿದ್ದಾನೆ ಎಂದು ಶಾಲೆಯ ಹೆಸರು ಸಮೇತ ಹೇಳಿ, ಹಳೆಯ ಚಿತ್ರವನ್ನೂ ಕಳಿಸಿಕೊಟ್ಟರು. ಅಚ್ಚಾದ ಮರುದಿನ ಹೆಡ್‌ಮೇಷ್ಟ್ರು ಶಾಲೆಯ ಉದ್ದನೆಯ ವರಾಂಡದಲ್ಲಿ ನಡೆದು ಬರುವಾಗ ಎಂದಿನಂತೆ ಸದ್ದು ಅಡಗಲಿಲ್ಲ. ಒಂದು ತರಗತಿಗೆ ಕಾಲಿಟ್ಟರೆ ಮಕ್ಕಳೇ ಇಲ್ಲ; ಎಲ್ಲರೂ ಬೆಂಚುಗಳ ಕೆಳಗೆ ತೂರಿಕೊಂಡು ಕಣ್ಣು ಬಾಯಿ ಬಿಟ್ಟುಕೊಂಡಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಮೂವರು ಒಟ್ಟಿಗೆ ಕೆಮ್ಮಿದರು. ವಿಜ್ಞಾನದ ಮೇಷ್ಟ್ರಂತೂ ಬಂದು, ಚಿತ್ರದಲ್ಲಿ ಕಣ್ಣು ತದ್ವತ್ ನಿಮ್ಮದೇ ಸರ್ ಎಂದು ಅಭಿನಂದಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಮೀಸೆ, ದನಿ, ಇಸ್ತ್ರಿ ಎಲ್ಲ ಒಂದೇ ಬೆಳಿಗ್ಗೆ ಉದುರಿಹೋದವು.

ಅವರು ಆ ಮಧ್ಯಾಹ್ನವೇ ರಜೆ ಹಾಕಿ ಟೀವಿ ಕಂಪನಿಗೆ ಹೋದರು. ಕಥಾ ಕೋಣೆ ಟೈರು ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ರಬ್ಬರಿನ ವಾಸನೆ ಮೆಟ್ಟಿಲ ತುದಿಯವರೆಗೂ ಜೊತೆಗೆ ಬಂತು. ಒಳಗೆ ಚಕ್ರದ ಕುರ್ಚಿಗಳು, ಕಾಗದದ ಲೋಟಗಳು, ಸಿಗರೇಟಿಗೆ ಹೋಗಿ ಬರುವ ಯುವಕರು. ಒಂದು ಗೋಡೆಯ ತುಂಬ ಬಣ್ಣದ ಚೀಟಿಗಳು. ಹೆಡ್‌ಮೇಷ್ಟ್ರು ಹತ್ತಿರ ಹೋಗಿ ಓದಿದರು. ಹಳದಿ ಚೀಟಿಯಲ್ಲಿ ಮಂಚದ ಕೆಳಗೆ ಎಂದಿತ್ತು. ಹಸಿರಿನಲ್ಲಿ ಚಡ್ಡಿ ಒದ್ದೆ. ಎಲ್ಲ ಮಗಳ ಅಕ್ಷರ. ಮಾರ್ಕರ್ ಹಿಡಿದು ಗೋಡೆಯ ಪಕ್ಕ ನಿಲ್ಲುವುದೇ ಅಲ್ಲಿ ಅವಳ ಉದ್ಯೋಗವಾಗಿತ್ತು. ಅಪ್ಪನನ್ನು ನೋಡಿ ಅವಳ ಮುಖ ಸಣ್ಣದಾಯಿತು.

ಇದನ್ನೆಲ್ಲ ತೆಗೆದುಹಾಕಿ ಎಂದು ಹೇಳಲು ಬಂದವರು ಅವರು. ಆದರೆ ಗಡ್ಡದವನು ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿ, ಒಂದೇ ಒಂದು ಪ್ರಶ್ನೆ ಸರ್ ಎಂದ.

"ಆ ಹುಡುಗ ಅಷ್ಟೊಂದು ಹೆದರ್ತಿದ್ದದ್ದು ಯಾತಕ್ಕೆ?"

ಇಷ್ಟು ವರ್ಷದಲ್ಲಿ ಹೀಗೆ ಯಾರೂ ಕೇಳಿರಲಿಲ್ಲ. ಹೆದರಿದ ಹುಡುಗನನ್ನು ನೋಡಿ ನಕ್ಕವರೇ ಎಲ್ಲರೂ. ಹೆಂಡತಿಗೆ ಹೇಳದ ಮಾತನ್ನು ಹೆಡ್‌ಮೇಷ್ಟ್ರು ಈ ಸರಿಯಾಗಿ ಗುರುತೂ ಇಲ್ಲದ ಗಡ್ಡದ ಮುಂದೆ ಹೇಳಿಬಿಟ್ಟರು.

"ನಮ್ಮಪ್ಪನಿಗೆ ಕಣ್ಣೆದುರು ಇಲ್ಲದ್ದನ್ನ ಬರೆಯೋಕೆ ಬರ್ತಿರ್ಲಿಲ್ಲ. ಗುಡುಗಣ್ಣ ಬೇಕಾದ್ರೆ ಅಕ್ಕನ ಹೆಗಲಿಗೆ ಹೊದಿಕೆ ಕಟ್ಟಿ ಮೇಜಿನ ಮೇಲೆ ನಿಲ್ಲಿಸೋರು. ಪುಕ್ಕಲ ಬೇಕಾದ್ರೆ ನನ್ನ ಸಾಮಾನಿನ ಕೋಣೆಗೆ ಹಾಕಿ ದೀಪ ಆರಿಸೋರು. ಹೊರಗಿಂದ ಬಾಗಿಲು ಒದೆಯೋರು. ಒಂದೊಂದ್ಸಲ ಒದೀತಾನೂ ಇರ್ಲಿಲ್ಲ, ಬಾಗಿಲ ಹತ್ರ ನಿಂತು ಜೋರಾಗಿ ಉಸಿರು ಬಿಡೋರು, ಅಷ್ಟೇ. ಆಮೇಲೆ ತಟ್ಟನೆ ಬಾಗಿಲು ತೆಗೆದು ಮುಖಕ್ಕೆ ದೀಪ ಹಿಡಿದು, ಹಾಗೇ ಇರು ಅನ್ನೋರು. ಬರೆದು ಮುಗಿಯೋವರೆಗೂ ಹಾಗೇ ಇರಬೇಕು. ಮಧ್ಯದಲ್ಲಿ ಭಯ ಕಡಿಮೆ ಆಯ್ತು ಅಂದ್ರೆ ಮತ್ತೆ ಒಳಗೆ. ಪ್ರತಿ ವಾರ."

ಹೆಡ್‌ಮೇಷ್ಟ್ರು ತಮ್ಮ ಚಹಾವನ್ನು ನೋಡುತ್ತ ಕೂತರು. ಆಮೇಲೆ ಗಡ್ಡದವನು ತೊಡೆಗೆ ಹೊಡೆದುಕೊಂಡು, "ಸರ್, ಇದು ಚಿನ್ನ," ಎಂದ. ಬರೆಯುವವಳು ಜೋರಾಗಿ ತಲೆದೂಗಿದಳು. ಗಾಯ ಸಿಕ್ಕಿತಲ್ಲ ಎಂದು ಯುವಕರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಪುಕ್ಕಲ ಬೆಳೆದು ವೀರನಾಗುತ್ತಾನೆ, ಮಕ್ಕಳನ್ನು ಕತ್ತಲೆಯಲ್ಲಿ ಕೂಡಿಹಾಕಿ ಚಿತ್ರ ಬರೆಯುವ ಚಿತ್ರಗಾರನೇ ಖಳನಾಯಕ ಎಂದು ಅಲ್ಲೇ ತೀರ್ಮಾನವಾಯಿತು. ಹೇಳಿದ ಮನುಷ್ಯ ಎದುರಿಗೇ ಇದ್ದಾನೆ ಎನ್ನುವುದು ಅವರಿಗೆ ಮರೆತೇ ಹೋಗಿತ್ತು. ಬರ್ಕೊಳಮ್ಮ ಎಂದು ಗಡ್ಡದವನು ಮಗಳಿಗೆ ಹೇಳಿದ. ಅವಳು ಸಾಮಾನಿನ ಕೋಣೆ ಎಂದು ಒಂದು ಚೀಟಿಯಲ್ಲಿ ಬರೆದಳು. ಬರೆದದ್ದನ್ನು ಗೋಡೆಗೆ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಮನೆಗೆ ಬಂದರು. ಅರ್ಧ ದಾರಿಗೆ ಅವಳು ನಿಜವಾ ಅಪ್ಪ ಎಂದು ಕೇಳಿದಳು.

"ಅತ್ತೇನ ಕೇಳು. ಚಿಲಕ ಹಾಕ್ತಿದ್ದೋಳು ಅವಳೇ."

ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ಅಕ್ಕ ಭಾನುವಾರ ಬಂದಳು. ಬರುವಾಗಲೇ ಜಗಳವನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡು ಬಂದಿದ್ದಳು. ಗುಡುಗಣ್ಣನ ಎದೆ, ಗುಡುಗಣ್ಣನ ನಿಲುವು ತನ್ನದು ಎನ್ನುವ ಹೆಮ್ಮೆ ಅವಳಿಗೆ ಇಂದಿಗೂ ಇತ್ತು. ಅವನನ್ನು ಬೈಕು ಓಡಿಸಲು ಹಚ್ಚಿದ್ದು ಅವಳಿಗೆ ಮೊದಲ ಸಿಟ್ಟು. ಮನೆಯ ವಿಷಯ ಬೀದಿಗೆ ಹಾಕಿದ ತಮ್ಮನ ಮೇಲೆ ಎರಡನೆಯದು. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತ ಸುಲಿಯುತ್ತ ಬೈದಳು. ಅಪ್ಪ ಹೊಟ್ಟೆಪಾಡಿಗೆ ಮಾಡಿದ್ದು, ಪತ್ರಿಕೆಗೆ ಪುಟ ಹೋಗದಿದ್ದರೆ ಆಗ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ, ಆಮೇಲೆ ನಿನಗೆ ಬಿಸ್ಕತ್ತು ಕೊಡುತ್ತಿದ್ದರಲ್ಲ, ನನಗೆ ಅದೂ ಇರಲಿಲ್ಲ ಎಂದಳು.

"ಚಿಲಕ ಯಾಕೆ ಹಾಕ್ತಿದ್ದೆ ಅಕ್ಕ?"

"ಹಾಕದಿದ್ರೆ ನನ್ನ ಒಳಗೆ ಹಾಕ್ತಿದ್ರು ಕಣೋ."

ಇಷ್ಟು ಹೇಳಿ ಅವಳು ಆಲೂಗಡ್ಡೆಯನ್ನು ಸಿಪ್ಪೆಗಿಂತ ಹೆಚ್ಚೇ ಕೆತ್ತತೊಡಗಿದಳು. ಹೆಡ್‌ಮೇಷ್ಟ್ರ ಹೆಂಡತಿ ಒಲೆಯ ಮುಂದೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಮಾವನ ತಟ್ಟೆಗೆ ಬಡಿಸುವಾಗ ಅವಳ ಕೈ ಅಂದಿನಿಂದ ಸ್ವಲ್ಪ ಎತ್ತರದಿಂದ ಬಡಿಸತೊಡಗಿತು.

ತಾವು ಖಳನಾಯಕರಾದದ್ದು ಮುದುಕರಿಗೆ ಮೊಮ್ಮಗಳಿಂದ ತಿಳಿಯಿತು. ಮೊದಲು ಕೆಂಡವಾದರು. ಉಂಡ ಮನೆಗೆ ಎರಡು ಬಗೆದ ಟೀವಿಯವರನ್ನೂ ಹೆತ್ತ ಅಪ್ಪನಿಗೆ ಮಸಿ ಬಳಿದ ಮಗನನ್ನೂ ಬೈದು, ಊಟ ಬಿಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಮಲಗಿದರು. ಸೊಸೆ ಬಾಗಿಲು ತಟ್ಟಲಿಲ್ಲ. ಹಸಿವಾದಾಗ ಬರುತ್ತಾರೆ ಎಂದಳು, ಬಂದರು. ಅಷ್ಟರಲ್ಲಿ ಗಡ್ಡದವನು ಫೋನು ಮಾಡಿ, ಖಳನಾಯಕನ ಪಾತ್ರಕ್ಕೆ ಬಹಳ ದೊಡ್ಡ ನಟರು ಒಪ್ಪಿದ್ದಾರೆ, ಧಾರಾವಾಹಿಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತು ಅವರಿಗೇ ಇದೆ ಎಂದ. ಮುದುಕರ ಸಿಟ್ಟು ಕರಗಿ ನೀರಾಯಿತು. ಮರುದಿನದಿಂದ ಅವರು ನಡುಮನೆಯಲ್ಲಿ ಕೈ ಹಿಂದೆ ಕಟ್ಟಿಕೊಂಡು ಅತ್ತಿಂದಿತ್ತ ನಡೆಯುತ್ತ, ಖಳನಾಯಕ ಹೇಗೆ ನಡೆಯಬೇಕು ಎಂದು ಫೋನಿನಲ್ಲಿ ವಿವರಿಸುತ್ತಿದ್ದರು. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಹಿರಿಯರು ಹೇಳಿದ್ದು ಇಂಥ ಹಿರಿಯರನ್ನು ನೋಡಿಯೇ ಇರಬೇಕು.

ಈಗ ಎಲ್ಲರ ಕಣ್ಣೂ ಆ ಒಂದು ಸಹಿಯ ಮೇಲೆ. ಗಡ್ಡದವನು ಕೈ ತೊಳೆದುಕೊಂಡು ಹಿಂದೆ ಬಿದ್ದ. ಮುದುಕರು ಊಟಕ್ಕೊಮ್ಮೆ ಚುಚ್ಚಿದರು. ಮಗಳು ಮಾತ್ರ ಆ ಕಾಗದದ ಸುದ್ದಿ ಎತ್ತುವುದನ್ನು ಬಿಟ್ಟಿದ್ದಳು. ಕೊನೆಗೆ ಹೆಡ್‌ಮೇಷ್ಟ್ರೇ ಒಂದು ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಹೇಳಿದರು.

"ಸಹಿ ಹಾಕ್ತೀನಿ. ಆದರೆ ಅಪ್ಪ, ನೀವು ನನಗೆ ಏನು ಮಾಡಿದ್ರಿ ಅಂತ ಎಲ್ಲರ ಮುಂದೆ ನಿಮ್ಮ ಬಾಯಿಂದಲೇ ಹೇಳಬೇಕು. ನಾನು ಪುಕ್ಕಲ ಅಲ್ಲ ಅಂತ ಹೇಳಬೇಕು."

"ಅಷ್ಟೇನಾ?" ಎಂದರು ಮುದುಕರು. "ಭಾನುವಾರ ಕರಿ ಎಲ್ಲರನ್ನೂ."

ಅವರು ಅಷ್ಟು ಸುಲಭವಾಗಿ ಒಪ್ಪಿದ್ದನ್ನು ನೋಡಿಯಾದರೂ ಹೆಡ್‌ಮೇಷ್ಟ್ರು ಎಚ್ಚರಗೊಳ್ಳಬೇಕಾಗಿತ್ತು. ಅಪ್ಪನ ಬಾಯಿಂದ ಒಂದು ಒಳ್ಳೆಯ ಮಾತು ಬರುತ್ತದೆ ಎಂದರೆ ಐವತ್ತು ದಾಟಿದ ಗಂಡಸೂ ಬಾಯಿ ಬಿಟ್ಟುಕೊಂಡು ಕಾಯುತ್ತಾನೆ.

ಭಾನುವಾರ ಮಧ್ಯಾಹ್ನ ಅಕ್ಕ ಬಂದಳು. ಗಡ್ಡದವನೂ ಬರೆಯುವವಳೂ ಬಂದರು, ಜೊತೆಗೊಬ್ಬ ಕ್ಯಾಮೆರಾದವನು. ಸೃಷ್ಟಿಕರ್ತರ ಮಾತುಗಳನ್ನು ದಾಖಲೆಗೆ ಇಟ್ಟುಕೊಳ್ಳುತ್ತೇವೆ ಎಂದು ಗಡ್ಡದವನು ಹೇಳಿದ. ಕ್ಯಾಮೆರಾ ಯಾಕೆ ಎಂದು ಸೊಸೆ ಕೇಳುವಷ್ಟರಲ್ಲಿ ಊಟದ ಮೇಜಿನ ತುದಿಗೆ ಕಣ್ಣು ಕುಕ್ಕುವ ದೀಪವೊಂದು ನಿಂತಿತ್ತು. ಮುದುಕರು ಹೊಸ ಅಂಗಿ ಹಾಕಿಕೊಂಡು ಜೇಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಬಂದು ಕೂತರು. ಬ್ರೆಡ್ಡು, ಕೋಳಿ, ಬೇಯಿಸಿದ ತರಕಾರಿ ಎಲ್ಲ ಮೇಜಿನ ಮೇಲೆ ಇದ್ದ ಹಾಗೇ ಇತ್ತು.

ಮುದುಕರು ಏನನ್ನೂ ಮುಚ್ಚಿಡಲಿಲ್ಲ. ಕೋಣೆ, ಚಿಲಕ, ಒದೆತ, ಉಸಿರು, ದೀಪ ಎಲ್ಲವನ್ನೂ ಹೇಳಿದರು. ಅಡುಗೆಯವನು ತನ್ನ ಹೆಸರಾಂತ ಅಡುಗೆಯ ಗುಟ್ಟು ಹೇಳುವ ಹಾಗೆ, ನಡುನಡುವೆ ನಿಲ್ಲಿಸಿ, ಕೇಳುವವರ ಮುಖ ನೋಡಿ ಹೇಳಿದರು. ನಟನೆಯಲ್ಲಿ ಬಾಯಿ ಹೆದರಬಹುದು ಕಣ್ಣು ಹೆದರುವುದಿಲ್ಲ, ತಾವು ಕಣ್ಣಿಗಾಗಿ ದುಡಿದವರು, ಅಷ್ಟು ಶ್ರಮ ಬೇರೆ ಯಾವ ಚಿತ್ರಗಾರನೂ ಪಟ್ಟಿಲ್ಲ ಎಂದರು. ಗಡ್ಡದವನು ಉಸಿರು ಬಿಗಿಹಿಡಿದು ಕೇಳುತ್ತಿದ್ದ.

"ಹೇಳಿದ್ರೆ ನಿಮಗೆ ತಿಳಿಯಲ್ಲ. ತೋರಿಸ್ತೀನಿ," ಎಂದು ಮುದುಕರು ಎದ್ದರು.

ನಿಧಾನವಾಗಿ ಮೇಜು ಬಳಸಿ ಬಂದು ಮಗನ ಕುರ್ಚಿಯ ಹಿಂದೆ ನಿಂತರು. ಏನೂ ಮಾಡಲಿಲ್ಲ. ಸುಮ್ಮನೆ ಜೋರಾಗಿ ಉಸಿರು ಬಿಟ್ಟರು. ಹಾಡಹಗಲು, ತಮ್ಮದೇ ಮನೆ, ಎದುರಿಗೆ ಹೆಂಡತಿ, ಮಗಳು. ಹೆಡ್‌ಮೇಷ್ಟ್ರಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದರೂ ಅವರ ಹೆಗಲು ಮೆಲ್ಲಗೆ ಕಿವಿಯ ಕಡೆಗೆ ಏರಿತು. ಮುದುಕರು ಕುರ್ಚಿಯ ಬೆನ್ನಿಗೆ ಅಂಗೈಯಿಂದ ಫಟ್ಟನೆ ಹೊಡೆದರು. ಹೆಡ್‌ಮೇಷ್ಟ್ರ ಕಣ್ಣು ಹಿಗ್ಗಿ, ಬಾಯಿ ತೆರೆದುಕೊಂಡಿತು. ಮೀಸೆಯ ಕೆಳಗಿನ ಆ ಬಾಯಿ ಏಳೆಂಟು ವರ್ಷದ ಹುಡುಗನದಾಗಿತ್ತು.

"ಹಾಗೇ ಇರು."

ಅವರು ಹಾಗೇ ಇದ್ದರು. ಕೆಟ್ಟದ್ದು ಅದೇ. ಬೆಚ್ಚಿಬೀಳುವುದು ಯಾರ ಕೈಯಲ್ಲೂ ಇಲ್ಲ, ಆದರೆ ಇವರು ಅಲುಗಾಡದೆ ಹಾಗೇ ಕೂತರು. ಮುದುಕರು ಅವಸರದಿಂದ ಎದುರಿನ ಕುರ್ಚಿಗೆ ಬಂದು, ಕಾಗದದ ಕರವಸ್ತ್ರ ಎಳೆದುಕೊಂಡು ಪೆನ್ಸಿಲ್ ಓಡಿಸತೊಡಗಿದರು. ನೋಡಿ, ಅದೇ ಮುಖ, ಕೂದಲೆಳೆಯಷ್ಟೂ ಬದಲಾಗಿಲ್ಲ ಎಂದು ಗುನುಗುತ್ತಿದ್ದರು. ಗಡ್ಡದವನು ಮಾತಾಡದೆ ಬೆರಳಿನಲ್ಲೇ ಕ್ಯಾಮೆರಾದವನಿಗೆ ಇನ್ನೂ ಹತ್ತಿರ ಹೋಗು ಎಂದು ತೋರಿಸಿದ.

ಮಗಳು ಎದ್ದಳು. ಕ್ಯಾಮೆರಾಕ್ಕೂ ಅಪ್ಪನಿಗೂ ನಡುವೆ ಬಂದು ನಿಂತಳು.

"ತಾತ, ಪೆನ್ಸಿಲ್ ಕೊಡು."

"ತಡಿಯೇ, ಅರ್ಧ ಆಗಿದೆ."

"ಕೊಡು ಇಲ್ಲಿ."

ಮುದುಕರು ಬಿಡಲಿಲ್ಲ. ಅವಳು ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಪೆನ್ಸಿಲ್ ಕಿತ್ತುಕೊಂಡಳು. ಆಮೇಲೆ ಅಪ್ಪನ ಹೆಗಲ ಮೇಲೆ ಕೈಯಿಟ್ಟು, "ಅಪ್ಪ, ಮುಗೀತು. ಅಲುಗಾಡಬಹುದು," ಎಂದಳು.

ಸೊಸೆ ದೀಪದ ತಂತಿಯನ್ನು ಗೋಡೆಯಿಂದ ಕಿತ್ತು ಗಡ್ಡದವನ ಮಡಿಲಿಗೆ ಹಾಕಿದಳು. ಬರೆಯುವವಳು ಬರೆಯುವುದನ್ನು ನಿಲ್ಲಿಸಿರಲಿಲ್ಲ. ಊಟ ಆಮೇಲೆ ಯಾವಾಗಲಾದರೂ ಮಾಡೋಣ, ಈಗ ಹೊರಡಿ ಎಂದು ಸೊಸೆ ರೋಗಿಗಳನ್ನು ಸಾಲಿನಲ್ಲಿ ಕಳಿಸುವ ದನಿಯಲ್ಲಿ ಹೇಳಿದಳು. ಗಡ್ಡದವನು ಬಾಗಿಲಲ್ಲಿ ನಿಂತು, ಸಹಿಯ ವಿಷಯ ನಾಳೆ ಎಂದ. ಅವಳು ಆ ಸಹಿ ಬೀಳದ ಒಪ್ಪಿಗೆ ಪತ್ರವನ್ನು ಅವನ ಕೈಗೇ ಕೊಟ್ಟು ಬಾಗಿಲು ಹಾಕಿದಳು.

ಮೇಜಿನ ಸುತ್ತ ಮನೆಯವರಷ್ಟೇ ಉಳಿದರು. ಮುದುಕರು ಅರ್ಧ ಬರೆದ ಮುಖವನ್ನು ಹಿಡಿದುಕೊಂಡು, ಮೊಮ್ಮಗಳಿಗೆ ಒಂದು ಮಾತು ಹೇಳುವವರಿಲ್ಲ ಈ ಮನೆಯಲ್ಲಿ ಎಂದು ಗೊಣಗುತ್ತಿದ್ದರು. ಹೆಡ್‌ಮೇಷ್ಟ್ರು ಒಂದು ಲೋಟ ನೀರು ಕುಡಿದರು. ಹೊಟ್ಟೆಯಿಂದ ಎಳೆದ ದನಿಯಲ್ಲ, ಇನ್ನಾವುದೋ ಬರಿಯ ದನಿಯಲ್ಲಿ ಮಾತಾಡಿದರು.

"ಅಪ್ಪ, ನಾನು ಹೆದರ್ತಿದ್ದದ್ದು ಕತ್ತಲೆಗಲ್ಲ. ನಿಮಗೆ."

"ಗೊತ್ತು ಕಣೋ," ಎಂದರು ಮುದುಕರು. "ಅದಕ್ಕೇ ಕಣ್ಣು ಅಷ್ಟು ಚೆನ್ನಾಗಿ ಬರ್ತಿತ್ತು."

ಸೊಸೆ ಮುದುಕರ ಮುಂದಿದ್ದ ತಟ್ಟೆಯನ್ನು ಎತ್ತಿ ಪಕ್ಕಕ್ಕಿಟ್ಟಳು. ಅದು ತಮ್ಮ ಶ್ರಮಕ್ಕೆ ಮಾಡಿದ ಅವಮಾನ ಎಂದುಕೊಂಡರೋ ಏನೋ, ಮುದುಕರು ಸಿಡುಕಿನಿಂದ ಮುಂದುವರಿಸಿದರು.

"ಅದೇನು ಸುಲಭಕ್ಕೆ ಬರ್ತಿತ್ತು ಅಂದ್ಕೊಂಡ್ರಾ? ಇವನೆಲ್ಲಿ ಪುಕ್ಕಲ, ಇವನು ಕಲ್ಲು. ಎಷ್ಟು ಒದ್ರೂ ಒಳಗಿಂದ ಸದ್ದೇ ಬರ್ತಿರ್ಲಿಲ್ಲ. ಇವನನ್ನ ಹೆದರಿಸೋ ಹೊತ್ತಿಗೆ ನನ್ನ ಕೈಕಾಲು ಬಿದ್ದುಹೋಗ್ತಿತ್ತು. ಪುಕ್ಕಲ ಅಂದ್ರೆ ಇವಳು, ಇವನ ಅಕ್ಕ, ನಿಮ್ಮ ಗುಡುಗಣ್ಣ. ಚಿಲಕ ಮುಟ್ಟೋಕೇ ನಡುಗ್ತಿದ್ದಳು. ಆದರೆ ಹುಡುಗಿ ಅಳೋದನ್ನ ನೋಡಿ ಯಾರು ನಗ್ತಾರೆ, ಅದಕ್ಕೇ ಇವನನ್ನ ಹಾಕ್ದೆ."

ಅಕ್ಕ ತಲೆ ತಗ್ಗಿಸಿದಳು. ಹೆಡ್‌ಮೇಷ್ಟ್ರು ಹೆಂಡತಿಯ ಮುಖ ನೋಡಿದರು, ಆಮೇಲೆ ಮಗಳ ಮುಖ ನೋಡಿದರು. ಇಬ್ಬರೂ ಆ ಮಾತನ್ನು ಕೇಳಿಸಿಕೊಂಡಿದ್ದರು.